ರಿಂಗಿನಲ್ಲಿ ಉಳಿದ ಬಟ್ಟೆ

ಅಂತ್ಯಕ್ರಿಯೆಗೆ ಬಂದವರೆಲ್ಲ ಹಿಂದಿನ ಸಂಜೆಯೇ ಹೊರಟಿದ್ದರು. ಬೆಳಿಗ್ಗೆ ಎದ್ದಾಗ ಮನೆಯಲ್ಲಿ ನಾನೊಬ್ಬಳೇ. ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಇಟ್ಟು ಹೋಗಿದ್ದ. ಒಂದನ್ನು ಕಾಯಿಸಿದೆ. ಇನ್ನೊಂದನ್ನು ಏನು ಮಾಡುವುದೆಂದು ತೋಚದೆ ಅದನ್ನೂ ಕಾಯಿಸಿದೆ.

ಕಿಟಕಿ ಪಕ್ಕದ ಕುರ್ಚಿಯ ಮೇಲೆ ನನ್ನ ಗಂಡನ ಕಸೂತಿ ಹಾಗೆಯೇ ಇತ್ತು. ಕುರ್ಚಿ ಸಾಲದೆ ಬಂದವರು ನೆಲದ ಮೇಲೆ ಕೂತಿದ್ದರೂ ಅದನ್ನು ಯಾರೂ ಎತ್ತಿರಲಿಲ್ಲ. ಮರದ ರಿಂಗಿನಲ್ಲಿ ಬಿಗಿದ ಬಿಳಿ ಬಟ್ಟೆ, ಅಂಚಿನಲ್ಲಿ ಚುಚ್ಚಿಟ್ಟ ಸೂಜಿ, ಸೂಜಿಯಲ್ಲಿ ಗೇಣುದ್ದದ ಹಸಿರು ದಾರ.

ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುತ್ತಿದ್ದ. ಹಗಲೆಲ್ಲ ಊರವರ ಕಣ್ಣು ಸರಿ ಮಾಡಿ, ಸಂಜೆ ನಿನ್ನ ಕಣ್ಣು ಕೆಡಿಸಿಕೊಳ್ಳುತ್ತೀಯ ಎಂದು ರೇಗಿಸುತ್ತಿದ್ದೆ. ಅವನಿಗೆ ಕೇಳಿಸುತ್ತಲೇ ಇರಲಿಲ್ಲ. ಆರೆಳೆಯ ದಾರದಿಂದ ಒಂದೊಂದೇ ಎಳೆ ಬಿಡಿಸಿ, ಎರಡನ್ನು ಮತ್ತೆ ಸೇರಿಸಿ ಪೋಣಿಸುತ್ತಿದ್ದ. “ಒಟ್ಟಿಗೇ ಎಳೆದ್ರೆ ಜಗಳ ಆಡ್ತವೆ. ಬಿಡಿಸಿ ಸೇರಿಸಿದ್ರೆ ಸುಮ್ಮನಿರ್ತವೆ.”

ಒಂದು ವಿಷಯದಲ್ಲಿ ಮಾತ್ರ ಅವನು ಬಹಳ ಕಟ್ಟುನಿಟ್ಟು. ಮಲಗುವ ಮೊದಲು ಬಟ್ಟೆಯನ್ನು ರಿಂಗಿನಿಂದ ಬಿಡಿಸಲೇಬೇಕು, ಇಲ್ಲದಿದ್ದರೆ ದುಂಡನೆಯ ಗುರುತು ಬೀಳುತ್ತದೆ. ಆ ಸಂಜೆ ಹಸಿರು ದಾರ ಮುಗಿಯುತ್ತ ಬಂದಿತ್ತು. ದಾರದ ಅಂಗಡಿ ಮುಚ್ಚುವುದರೊಳಗೆ ತಂದುಬಿಡುತ್ತೇನೆ ಎಂದು ಸೈಕಲ್ ಹತ್ತಿದ. ತಿರುವಿನಲ್ಲಿ ಲಾರಿ ಇತ್ತು.

ಫೋನು ಬಂತು. ಅವನ ಅಕ್ಕ. ಹಿಂದಿನ ಬೀದಿಯಲ್ಲೇ ಇರುವುದು.

“ಏನಾದ್ರೂ ತಿಂದ್ಯಾ?”

“ಹಾಲಿದೆ, ಅತ್ತಿಗೆ.”

“ಹಾಲು ಕುಡ್ಕೊಂಡು ಇರೋಕೆ ನೀನೇನು ಬೆಕ್ಕಾ?” ಅತ್ತಿಗೆ ದನಿ ತಗ್ಗಿಸಿದರು. “ಅಮ್ಮನ ರಿಂಗು ನಿಮ್ಮನೇಲಿ ಇದೆಯಲ್ಲ. ಒಂದು ವಾರಕ್ಕೆ ಅಂತ ಇಸ್ಕೊಂಡು ಹೋದೋನು. ಇವತ್ತು ಬೇಕಾಗಿತ್ತು.”

“ಇವತ್ತೇನಾ?”

“ಕೈ ಸುಮ್ಮನಿರ್ತಿಲ್ಲ ಕಣೇ. ಕೂತ್ಕೊಂಡು ದಿಂಬಿನ ಹೊಲಿಗೆಯೆಲ್ಲ ಬಿಚ್ಚಿ ಹಾಕಿದೀನಿ. ನಮ್ಮನೆಯವ್ರು ಹತ್ತಿ ಗುಡ್ಡೆ ಮೇಲೆ ಮಲಗಿದ್ರು, ಪಾಪ.”

“ಬೇರೆ ರಿಂಗ್ ತಂದುಕೊಡ್ಲಾ?”

“ಅಂಗಡೀದು ಬೇಡ. ಅಮ್ಮ ಹಿಡಿದಿದ್ದು, ಅವನು ಹಿಡಿದಿದ್ದು, ಅದೇ ಬೇಕು.”

ಆಗಲಿ ಎಂದೆ. ಆದರೆ ಆ ಕುರ್ಚಿಯನ್ನು ಯಾವತ್ತೂ ಮುಟ್ಟಬಾರದೆಂದು ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಬಟ್ಟೆಯನ್ನು ಬಿಗಿದಿದ್ದು ಅವನ ಕೈ. ತಿರುಪು ಸಡಿಲಿಸಿದರೆ ಆ ಬಿಗಿ ಹೋಗುತ್ತದೆ. ಮತ್ತೆ ಬಿಗಿದರೆ ಅದು ನನ್ನದು.

ಹೊಲಿಯಲು ಕೂರುವಾಗ ಅವನು ಬಟ್ಟೆಯನ್ನು ಉಗುರಿನಿಂದ ಒಮ್ಮೆ ಬಡಿದು ನೋಡುತ್ತಿದ್ದ. ನಾನೂ ಬಡಿದೆ. ತಮಟೆಯ ಹಾಗೆ ಸಣ್ಣಗೆ ಸದ್ದಾಯಿತು. ಆಮೇಲೆ ತಿರುಪು ತಿರುಗಿಸಿದೆ, ಅದು ಪೂರ್ತಿ ಕಳಚಿ ಕೈಗೆ ಬಂತು.

ಗುರುತು ಬಿದ್ದಿತ್ತು. ದುಂಡಗೆ, ಆಳವಾಗಿ, ಬಳ್ಳಿಯನ್ನು ಅಡ್ಡ ಕತ್ತರಿಸಿದ ಹಾಗೆ. ಬಳ್ಳಿಯ ಎಡಗಡೆ ಎಲೆಗಳು ತುಂಬಿದ್ದವು. ಒಂದು ಎಲೆ ಅರ್ಧ. ಬಲಗಡೆ ಬರೀ ನೀಲಿ ಪೆನ್ನಿನ ಗೆರೆ.

ಈ ಗುರುತನ್ನು ಅವನು ಸಹಿಸುತ್ತಿರಲಿಲ್ಲ. ಇಸ್ತ್ರಿ ಪೆಟ್ಟಿಗೆ ಕಾಯಿಸಿದೆ. ಗಂಟುಗಳು ಚಪ್ಪಟೆಯಾಗಬಾರದೆಂದು ಅವನು ಟವೆಲಿನ ಮೇಲೆ ಬಟ್ಟೆಯನ್ನು ಬೋರಲು ಹಾಕುತ್ತಿದ್ದುದು ನೆನಪಿತ್ತು. ಹಾಗೆಯೇ ಹಾಕಿದೆ, ಒತ್ತಿದೆ. ಗುರುತು ಮಾಸಿತು. ತಿರುವಿ ನೋಡಿದರೆ ನೀಲಿ ಗೆರೆಗಳು ಕಂದು ಬಣ್ಣಕ್ಕೆ ತಿರುಗಿದ್ದವು. ತಣ್ಣೀರಿನಲ್ಲಿ ಅದ್ದಿದೆ. ಸೋಪು ಹಾಕಿದೆ. ಹೋಗಲಿಲ್ಲ.

ಒದ್ದೆ ಬಟ್ಟೆಯನ್ನು ಹಿಂಡಿ, ರಿಂಗಿನ ಜೊತೆಗೆ ತೆಗೆದುಕೊಂಡು ಹಿಂದಿನ ಬೀದಿಗೆ ನಡೆದೆ.

ಅತ್ತಿಗೆ ಮೆಟ್ಟಿಲ ಮೇಲೆ ಕೂತಿದ್ದರು. ಕೈ ಚಾಚಿದ್ದು ರಿಂಗಿಗೆ, ಕಣ್ಣು ಹೋದದ್ದು ಬಟ್ಟೆಗೆ.

“ಅಯ್ಯೋ, ತೊಳೆಯೋಕೆ ಮೊದ್ಲೇ ಇಸ್ತ್ರಿ ಹಾಕಿದ್ಯಾ? ಆ ಪೆನ್ನು ತಣ್ಣೀರಿಗೆ ಬಿಟ್ಟುಹೋಗುತ್ತೆ ಕಣೇ, ಶಾಖ ತಾಗಿದ್ರೆ ಕೂತ್ಬಿಡುತ್ತೆ. ಇಷ್ಟು ವರ್ಷ ಅವನ ಎದುರಿಗೆ ಕೂತು ಏನು ನೋಡ್ತಿದ್ದೆ?”

“ಅವನ ಮುಖ.”

ಅತ್ತಿಗೆ ನಗಲು ಹೋದರು. ಆಗಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡರು.

“ಮೇಲೆ ದಾರ ಬಿದ್ರೆ ಗೆರೆ ಕಾಣಲ್ಲ. ಎಂಟು ಹತ್ತು ಎಲೆ ಅಷ್ಟೇ. ನಾನು ಮುಗಿಸಿಕೊಡ್ಲಾ?”

ಅವರ ಬೆರಳು ಗೆರೆಯ ಮೇಲೆ ಹೋಗುತ್ತಿತ್ತು. ಒಂದು ಕಡೆ ಗೆರೆ ನಡುಗಿತ್ತು. ಅವನು ಅದನ್ನು ಎಳೆಯುವಾಗ ನಾನು ಕುರ್ಚಿಗೆ ಎಡವಿದ್ದೆ, ಬೈದಿದ್ದ.

“ಬೇಡ ಅತ್ತಿಗೆ. ಹಾಗೇ ಇರ್ಲಿ.”

“ಅರ್ಧಂಬರ್ಧ?”

“ಹೂಂ.”

ಅವರು ಬಟ್ಟೆಯನ್ನು ಮಡಿಸದೆ ನನ್ನ ಕೈಗಿಟ್ಟರು.

ರಿಂಗನ್ನು ಕೊಟ್ಟೆ. ಬಟ್ಟೆ ಜಾರದಿರಲೆಂದು ಅವನು ಒಳಗಿನ ಮರದ ಬಳೆಗೆ ತನ್ನ ಹಳೇ ಅಂಗಿಯ ಪಟ್ಟಿ ಸುತ್ತಿದ್ದ.

“ಅಮ್ಮನ ರಿಂಗಿಗೆ ಏನೂ ಮಾಡ್ಬೇಡ ಅಂದಿದ್ದೆ. ನೋಡು, ಕೇಳಿದ್ನಾ?” ಅತ್ತಿಗೆ ಪಟ್ಟಿಯ ತುದಿಯನ್ನು ಉಗುರಿನಿಂದ ಎಬ್ಬಿಸಿದರು. ಒಂದು ಸುತ್ತು ಬಿಚ್ಚಿತು. ಅದನ್ನು ಹಿಡಿದುಕೊಂಡೇ ಕೂತಿದ್ದು, ಮತ್ತೆ ಇದ್ದ ಜಾಗಕ್ಕೇ ಸುತ್ತಿದರು.

ಹೊರಗಿನ ಬಳೆಯ ತಿರುಪು ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು. ಅದನ್ನೂ ಕೊಟ್ಟೆ.