ಹನ್ನೆರಡನೆಯವಳು

ಕಿರ್ರ್ ಕಿರ್ರ್ ಎನ್ನುತ್ತಿದೆ, ಹೊಸ ಶೂ, ರಬ್ಬರು ಇನ್ನೂ ಸವೆದಿಲ್ಲ, ಧೂಳು ಹೋಗಲೆಂದು ಕೋರ್ಟಿಗೆ ನೀರು ಹೊಡೆದಿದ್ದಾರೆ, ಸಿಮೆಂಟು ಪೂರ್ತಿ ಆರಿಲ್ಲ, ಅದರ ಮೇಲೆ ಹೀಗೆ ಸದ್ದು ಮಾಡುವ ಶೂ ನಮ್ಮ ಟೀಮಿನಲ್ಲಿ ಒಂದೇ ಜೊತೆ, ಐಶ್ವರ್ಯಳದು, ಮಾನ್ವಿಯ ರೈಸ್‌ಮಿಲ್ಲಿನವರ ಮಗಳು, ಮೊದಲ ವರ್ಷದ ಹುಡುಗಿ, ಈ ಸಲ ನನ್ನ ಜಾಗದಲ್ಲಿ ಆಡುವವಳು — ಪಾಯಿಂಟ್ ಗಾರ್ಡ್, ಚೆಂಡನ್ನು ಮುಂದೆ ತಂದು ಯಾರ ಕೈಗೆ ಕೊಡಬೇಕೆಂದು ನೋಡುವವಳು, ಹೋದ ವರ್ಷದ ತನಕ ಆ ಕೆಲಸ ನನ್ನದು, ಪೋತ್ನಾಳದ ಚನ್ನಮಲ್ಲಮ್ಮನದು, ಏಳನೇ ನಂಬರಿನ ಜರ್ಸಿಯೂ ನನ್ನದೇ, ಈಗ ಅದು ಅವಳ ಮೈಮೇಲಿದೆ, ಸ್ವಲ್ಪ ದೊಗಳೆ, ತೋಳಿನ ಹತ್ತಿರ ನಾನೇ ಹಾಕಿದ ಹೊಲಿಗೆ ಇಲ್ಲಿಂದ ಕಾಣುತ್ತದೆ. ಕೆಟ್ಟವಳಲ್ಲ, ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿತ್ತು, ಮನಸ್ಸಿನಲ್ಲೇ ನಾಲ್ಕು ಬೈದುಕೊಂಡು ಹಾಯಾಗಿ ಕೂರುತ್ತಿದ್ದೆ, ಆದರೆ ಅವಳು ಬಂದವಳೇ ನೀರಿನ ಬಾಟಲಿ ನನ್ನ ಪಕ್ಕದಲ್ಲಿಟ್ಟು, ಅಕ್ಕಾ ಇಲ್ಲೇ ಇರ್ತೀರಲ್ರಿ, ಸ್ವಲ್ಪ ನೋಡ್ಕೊಳ್ರಿ ಎಂದಳು, ಇಲ್ಲೇ ಇರುತ್ತೇನೆ ತಾಯಿ, ಇನ್ನೆಲ್ಲಿಗೆ ಹೋಗಲಿ, ಬೇವಿನ ಗಿಡದ ಕೆಳಗಿನ ಈ ಕಟ್ಟೆ ನನಗೇ ಅಂತ ಕಟ್ಟಿಸಿದ್ದಾರೆ. ಬಲಗಾಲಿನ ಶೂ ಒಳಗೆ ಹತ್ತಿ ತುರುಕಿದ್ದೇನೆ, ಹೆಬ್ಬೆರಳು ಇರಬೇಕಾದ ಕಡೆ, ನಡೆಯುವಾಗ ಗೊತ್ತಾಗುವುದಿಲ್ಲ, ಓಡಿದರೆ ಗೊತ್ತಾಗುತ್ತದೆ, ಹಾರಲು ನೆಲ ಒದ್ದರೆ ಒದೆಯುವುದಕ್ಕೆ ಏನೂ ಇಲ್ಲ, ಹೆಬ್ಬೆರಳು ಇಷ್ಟೊಂದು ಕೆಲಸ ಮಾಡುತ್ತದೆಂದು ಅದು ಹೋಗುವ ತನಕ ಯಾರೂ ಹೇಳಿರಲಿಲ್ಲ.

ನಯೀಮ್ ಸ್ಟ್ಯಾಂಡಿಗೆ ಫೋನು ಸಿಕ್ಕಿಸುತ್ತಿದ್ದಾನೆ, ರಾಯಚೂರಿನಲ್ಲಿ ಯಾವ ಮೂಲೆಯಲ್ಲಿ ಏನು ನಡೆದರೂ ಇವನ ಯೂಟ್ಯೂಬು ಹಾಜರು, ಇವತ್ತು ನಮ್ಮ ಸರದಿ, ಕಳೆದ ಬಾರಿ ಕಪ್ ಗೆದ್ದ ಹುಡುಗಿಯರ ಟೀಮು ಈ ಬಾರಿ ಹೇಗಿದೆ ಎಂಬ ವಿಡಿಯೋ, ಕ್ಯಾಪ್ಟನ್ ಒಬ್ಬೊಬ್ಬರ ಹೆಸರು ಕರೆಯಬೇಕು, ಕರೆದವರು ಮುಂದೆ ಬಂದು ಚೆಂಡು ಒಮ್ಮೆ ಪುಟಿಸಿ ಊರು ಹೇಳಬೇಕು. ಕ್ಯಾಪ್ಟನ್ ಎಂದರೆ ಕರೆಮ್ಮ, ದೇವದುರ್ಗ ತಾಲ್ಲೂಕು ಮಸರಕಲ್ಲಿನ ಕರೆಮ್ಮ, ನನ್ನ ಕರಿ — ಇಲ್ಲ, ನನ್ನ ಎನ್ನುವುದು ಬೇಡ. ನಿನ್ನೆ ಸಂಜೆ ನಮ್ಮ ಕೋಚ್ ಉದಯಕುಮಾರ ಸರ್ ಗೇಟಿನ ಹತ್ತಿರ ನಿಲ್ಲಿಸಿ, ಕೊರಳಲ್ಲಿನ ಸೀಟಿಯನ್ನು ಸುಮ್ಮನೆ ತಿರುಗಿಸುತ್ತ ಹೇಳಿದರು, ಹನ್ನೊಂದು ಮಂದಿ ಫಿಕ್ಸ್ ಅದಾರ ಚನ್ನಮ್ಮ, ಹನ್ನೆರಡನೇದು ನಾ ಕ್ಯಾಪ್ಟನ್ನಿಗೆ ಬಿಟ್ಟೀನಿ, ನಿಂದು ಲಾಸ್ಟ್ ಇಯರ್, ಆಕಿ ಹೂಂ ಅಂದ್ರ ನಿನ್ನ ಹೆಸರೂ ಇರ್ತದ, ಬೆಂಚಿನ ಮ್ಯಾಲೆ ಕುಂದ್ರು, ಟೀಮ್ ಕೂಡ ಬಾ. ಮೈದಾನಕ್ಕೆ ಇಳಿಸುವುದಿಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು, ಆದರೂ ಜರ್ಸಿ ಇರುತ್ತದೆ, ಬಸ್ಸಿನಲ್ಲಿ ಸೀಟು ಇರುತ್ತದೆ, ಮೊದಲೆಲ್ಲ ಕಿಟಕಿಗೆ ನಾನು, ಪಕ್ಕದಲ್ಲಿ ಅವಳು, ಕಾಲು ಹಿಡಿಸದೆ ದಾರಿಗೆ ಚಾಚಿಕೊಂಡು ಕಂಡಕ್ಟರನಿಂದ ಬೈಸಿಕೊಳ್ಳುವವಳು. ಅವಳ ಬಾಯಿಂದ ನನ್ನ ಹೆಸರು ಒಮ್ಮೆ ಬಂದರೆ ಸಾಕು, ಆಡಿಸುವುದು ಬೇಡ, ಹೆಸರು ಹೇಳಿದಳೆಂದರೆ ಮಾತಾಡಿದ ಹಾಗೆ, ಮಾತಾಡಿದಳೆಂದರೆ — ಸೀಟಿ, ಶುರುವಾಯಿತು, ಐಶ್ವರ್ಯ ಎನ್ನುತ್ತಿದ್ದಾಳೆ ಕರೆಮ್ಮ, ಕಿರ್ರ್ ಕಿರ್ರ್, ಮಾನ್ವಿ ಎಂದು ಹುಡುಗಿ ನಗುತ್ತಿದೆ, ನಯೀಮ್ ಹೆಬ್ಬೆರಳು ಎತ್ತಿ ತೋರಿಸುತ್ತಾನೆ, ನನ್ನ ಕಣ್ಣಿಗೆ ಅದೇ ಬೀಳಬೇಕೇ.

ಎರಡನೆಯವಳು, ಮೂರನೆಯವಳು, ಕರೆಮ್ಮನ ದನಿ ಗಟ್ಟಿ, ಗುಡ್ಡದ ಆಚೆಗಿನ ಕುರಿಯನ್ನು ಕೂಗಿ ಕರೆದ ದನಿ, ಮೈಕಿನ ಹಂಗಿಲ್ಲ. ಕಾಲೇಜಿಗೆ ಸೇರಲು ಬಂದ ದಿನ ಸಾಲಿನಲ್ಲಿ ಎಲ್ಲರಿಗಿಂತ ಮೇಲೆ ಇವಳದೊಂದು ತಲೆ, ಸರ್ ಓಡಿಹೋಗಿ ಕೇಳಿದರು, ಏನವ್ವಾ ಬ್ಯಾಸ್ಕೆಟ್‌ಬಾಲ್ ಆಡಿಯೇನು, ಇಲ್ರೀ, ಓಡಿಹೋಗೋ ಕುರಿ ಹಿಡ್ಯಾಕ ಬರ್ತದ ಎಂದಳು ಇವಳು, ಸಾಲಿಗೆ ಸಾಲೇ ನಕ್ಕಿತು, ಆಮೇಲೆ ಯಾರೂ ನಗಲಿಲ್ಲ, ಬೋರ್ಡಿಗೆ ಬಡಿದು ವಾಪಸು ಬರುವ ಚೆಂಡು ಯಾವುದಿದ್ದರೂ ಇವಳ ಕೈಗೇ ಬರುತ್ತಿತ್ತು. ಒಂದೇ ಒಂದು ಬರುತ್ತಿರಲಿಲ್ಲ, ಫ್ರೀ ಥ್ರೋ, ಎದುರಾಳಿ ತಪ್ಪು ಮಾಡಿದಾಗ ಗೆರೆಯ ಮೇಲೆ ಒಬ್ಬಳೇ ನಿಂತು ಹಾಕುವ ಚೆಂಡು, ಯಾರೂ ಅಡ್ಡ ಬರುವುದಿಲ್ಲ, ಅದೇ ಕಷ್ಟ, ಎಲ್ಲರೂ ನೋಡುತ್ತಿರುತ್ತಾರೆ, ಕೈ ಕಲ್ಲಾಗುತ್ತದೆ. ಬೆಳಿಗ್ಗೆ ಹಾಸ್ಟೆಲ್ಲಿನಲ್ಲಿ ಬೇರೆಯವರು ಏಳುವ ಮೊದಲು ಅವಳನ್ನು ಎಬ್ಬಿಸಿಕೊಂಡು ಬರುತ್ತಿದ್ದೆ, ಅವಳು ಹಾಕುವುದು, ನಾನು ಹೆಕ್ಕಿ ಕೊಡುವುದು, ವರ್ಷಗಟ್ಟಲೆ, ಮಲ್ಲಿ ನೀ ಅಲ್ಲೇ ರಿಂಗಿನ ಕೆಳಗ ನಿಂದ್ರು, ನಿನ್ನ ಮಾರಿ ಕಂಡ್ರ ಬೀಳ್ತದ ಎನ್ನುತ್ತಿದ್ದಳು, ಅಂಥಾ ಮುಖ ನಂದು, ಬಿದ್ದದ್ದು ಕಡಿಮೆ.

ಫೈನಲ್ಲಿನ ದಿನವೂ ಹಾಗೇ, ಅಂಕ ಸಮ, ಆಟದ ಸಮಯ ಮುಗಿದಿದೆ, ಅವಳಿಗೆ ಎರಡು ಥ್ರೋ, ಮೊದಲನೆಯದು ರಿಂಗಿನ ಹಿಂಬದಿಗೆ ಬಡಿದು ಹೊರಗೆ ಹೋಯಿತು, ಆ ಕಡೆಯ ಕಾಲೇಜಿನವರು ಹೋ ಎಂದು ಕೂಗಿದರು, ಅವಳು ತಿರುಗಿ ನನ್ನನ್ನು ನೋಡಿದಳು, ನಾನು ತಲೆ ಆಡಿಸಿದೆ, ಹಾಕ್ತಿ ಎನ್ನುವ ಹಾಗೆ, ನಗುಮುಖ ಮಾಡಿಯೇ ಆಡಿಸಿದೆ, ಒಳಗೆ ಮಾತ್ರ ಮಲ್ಲಯ್ಯನ ಕಾಲು ಹಿಡಿದಿದ್ದೆ, ತಂದೇ, ಇದೊಂದು ಬೀಳಿಸು, ಬರಿಗಾಲಲ್ಲಿ ನಿನ್ನ ಶ್ರೀಶೈಲದ ತನಕ ನಡೆದು ಬರ್ತೀನಿ. ನಮ್ಮ ಮನೆಯಲ್ಲಿ ಇದು ಹೊಸದಲ್ಲ, ಎಮ್ಮೆ ಈಯುವುದಕ್ಕೂ ಮಲ್ಲಯ್ಯ, ಬೋರಿನಲ್ಲಿ ನೀರು ಬೀಳುವುದಕ್ಕೂ ಮಲ್ಲಯ್ಯ, ನಾನು ಹುಟ್ಟಿದ್ದೂ ಅವನನ್ನು ಬೇಡಿಕೊಂಡೇ, ಹೆಸರೇ ಸಾಕ್ಷಿ, ಬಾಯಿ ತೆರೆಯುವ ಮೊದಲೇ ಬೇಡಿಕೆ ಹೊರಟುಬಿಡುತ್ತದೆ. ಚೆಂಡು ರಿಂಗಿನ ಮೇಲೆ ಸುತ್ತು ಹೊಡೆದು ಒಳಗೆ ಬಿತ್ತು, ಅವಳನ್ನು ಹೊತ್ತು ಕುಣಿದರು, ನಾನೂ ಕುಣಿದೆ. ಯುಗಾದಿಯ ಮುಂಚೆ ಪೋತ್ನಾಳದಿಂದ ಪಾದಯಾತ್ರೆ ಹೊರಟಾಗ ಚೀಲ ಹೆಗಲಿಗೇರಿಸಿದೆ, ಮುಂದೆ ದೊಡ್ಡಪ್ಪ ಗಡಿಗೆಪ್ಪ, ಮಲ್ಲಯ್ಯನ ಕಂಬಿ, ಆ ಪೂಜೆಯ ಕಾವಡಿ, ಹೆಗಲ ಮೇಲೆ ಹೊತ್ತು, ಹಿಂದೆ ನಾವೆಲ್ಲ, ಹಗಲು ಡಾಂಬರು ಕಾದ ಹಂಚು, ಆತ್ಮಕೂರಿನ ಆಚೆ ಕಾಡಿನ ದಾರಿಯಲ್ಲಿ ಹೆಬ್ಬೆರಳಿಗೆ ಮುಳ್ಳು ಹೊಕ್ಕು ಒಳಗೇ ಮುರಿಯಿತು, ಅರಿಶಿನ ಮೆತ್ತಿ ಬಟ್ಟೆ ಕಟ್ಟಿದರು, ಮರುದಿನ ಕಾಲು ಬಾತಿತು, ದೊಡ್ಡಪ್ಪನೇ ಅಂದ, ಚಪ್ಪಲಿ ಹಾಕ್ಕೋ ಕೂಸೇ, ಜೀಪ್ ಸಿಕ್ರ ಹತ್ತಿ ದವಾಖಾನಿಗಿ ಹೋಗು, ಮಲ್ಲಯ್ಯ ಏನ್ ಸಿಟ್ಟಾಗಂಗಿಲ್ಲ. ಒಲ್ಲೆ ಎಂದೆ. ಅಷ್ಟು ದೊಡ್ಡ ಭಕ್ತ ದೊಡ್ಡಪ್ಪ, ಅವನೇ ಬಿಡು ಎಂದರೂ ನಾನು ಬಿಡಲಿಲ್ಲ, ಚಪ್ಪಲಿ ಮೆಟ್ಟಿದರೆ ಒಳಗೆ ಬಿದ್ದ ಚೆಂಡು ಹೊರಗೆ ಬಂದುಬಿಡುತ್ತದೆ ಎನಿಸುತ್ತಿತ್ತು, ಜ್ವರದಲ್ಲಿ ಏನೇನೋ ಅನಿಸುತ್ತದೆ. ದರ್ಶನ ಆಯಿತು, ಮೂರ್ತಿ ಸರಿಯಾಗಿ ಕಾಣಲೇ ಇಲ್ಲ, ಮಂಪರು, ರಾಯಚೂರಿಗೆ ತಂದಾಗ ಡಾಕ್ಟರು ಬಟ್ಟೆ ಬಿಚ್ಚಿ ಅವ್ವನ ಕಡೆ ನೋಡಿ, ಕೀವು ಎಲುಬಿಗೆ ಇಳಿದದ ಎಂದರು.

ಎಂಟನೆಯವಳು, ಒಂಬತ್ತನೆಯವಳು, ಇನ್ನು ಎಷ್ಟು ಹೊತ್ತು, ಕರೆಮ್ಮ ಈ ಕಡೆ ಒಮ್ಮೆಯೂ ನೋಡುತ್ತಿಲ್ಲ, ಅವತ್ತು ದವಾಖಾನೆಗೆ ಬಂದಾಗ ಹಾಸಿಗೆಯ ಪಕ್ಕ ಕೂತು ನನ್ನ ಕಾಲನ್ನೇ ನೋಡುತ್ತಿದ್ದಳು, ಮಸರಕಲ್ಲಿನಿಂದ ದೇವದುರ್ಗಕ್ಕೆ ಬಂದು, ಅಲ್ಲಿ ಬಸ್ಸು ಬದಲಿಸಿ, ಅವರವ್ವ ಮಾಡಿಕೊಟ್ಟ ಶೇಂಗಾ ಹೋಳಿಗೆ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಿದ್ದಳು, ಕಣ್ಣು ಒರೆಸಿಕೊಳ್ಳುತ್ತ, ಯಾಕ ಹೋಗಿದ್ದಿ ಮಲ್ಲಿ, ಒಂದು ಮಾತು ಹೇಳಲಾರದ ಎಂದು ಕೇಳಿದಳು, ಆಗ ಹೇಳಿದೆ, ಎಷ್ಟು ಖುಷಿಯಿಂದ ಹೇಳಿದೆನಲ್ಲ, ಉಡುಗೊರೆ ಬಿಚ್ಚಿ ತೋರಿಸುವವಳ ಹಾಗೆ, ನಿನ್ನ ಥ್ರೋ ಸಲುವಾಗೇ ಬೇ, ಬೀಳಲಿ ಅಂತ ಬೇಡ್ಕೊಂಡಿದ್ದೆ, ಬಿತ್ತಲ್ಲ. ಅಪ್ಪಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಕಾಲಿನ ಮೇಲಿಟ್ಟ ಕೈ ತೆಗೆದಳು. ಮೊದಲನೇದು ತಪ್ಪಿದಾಗ ನಾ ನಿನ್ನ ಮಾರಿ ನೋಡಿದ್ದೆ, ನೀ ತಲಿ ಅಲ್ಲಾಡಿಸಿದ್ದಿ, ಹಾಕ್ತಿ ಅಂದಂಗಿತ್ತು, ಅದೊಂದು ನೋಡೇ ನಾ ಹಾಕಿದ್ದು, ಆ ಹೊತ್ತಿನ್ಯಾಗ ನೀ ಒಳಗ ಬೇಡ್ಕೊಳ್ಳಾಕತ್ತಿದ್ದೇನು, ನನ್ನ ಕೈಲಿ ಆಗಂಗಿಲ್ಲ ಅಂತ, ಎಂದಳು. ಹಂಗಲ್ಲ ಕರಿ ಎಂದೆ. ಮತ್ತ ಹೆಂಗ ಎಂದಳು. ಹೊದಿಕೆಯನ್ನು ಕಾಲಿನ ಮೇಲೆ ಎಳೆದುಕೊಂಡೆ. ಆ ಚೆಂಡು ನಾ ಹಾಕಿದ್ದು ಮಲ್ಲಿ, ವರ್ಷಗಟ್ಟಲೆ ನೀನೇ ಹೆಕ್ಕಿ ಕೊಟ್ಟಿ, ನಿನಗ ಗೊತ್ತಿಲ್ಲೇನು, ಅದನ್ನೂ ಒಯ್ದು ಮಲ್ಲಯ್ಯಗ ಕೊಟ್ಟಿ, ಬೆರಳೂ ಕೊಟ್ಟಿ, ಈಗ ನಾ ಜೀವ ಇರೋತನ ಏನು ಹೊತ್ತು ತಿರುಗಲಿ ಎಂದಳು, ಹೋಳಿಗೆಯ ಗಂಟು ಕಿಟಕಿಯಲ್ಲಿಟ್ಟು ಹೋದಳು, ಆಮೇಲೆ ಹಾಸ್ಟೆಲ್ಲಿನಲ್ಲಿ ಬೇರೆ ರೂಮು ಕೇಳಿ ತೆಗೆದುಕೊಂಡಳು. ಸಿಟ್ಟಾಗಬೇಕಾದವಳು ನಾನಲ್ಲವೇ, ಬೆರಳು ಹೋದದ್ದು ನನ್ನದು, ಎಷ್ಟು ಸಲ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಬರುವುದು ಅಳು, ಮಾತಾಡೇ ಕರಿ, ಒಮ್ಮೆ ಬೈಯಾದರೂ ಬೈ.

ಹನ್ನೊಂದು, ಹುಡುಗಿ ಚೆಂಡು ಪುಟಿಸಿ ಹಿಂದೆ ಸರಿದಳು, ಈಗ, ಸರ್ ನನ್ನ ಕಡೆ ನೋಡಿ ಹುಬ್ಬು ಏರಿಸಿದರು, ಏಳಲು ತಯಾರಾಗು ಎನ್ನುವಂತೆ, ಎಡಗಾಲಿನ ಮೇಲೆ ಭಾರ ಹಾಕಿದೆ, ಏಳುವಾಗ ಕುಂಟಬಾರದು, ಊರು ಹೇಳುವಾಗ ದನಿ ನಡುಗಬಾರದು, ಪೋತ್ನಾಳ, ಪೋತ್ನಾಳ, ಅವಳು ಬಾಯಿ ತೆರೆದಳು — ನಾಗರತ್ನಾ. ನಾಗರತ್ನಾ ಎಂದಳು, ಎರಡು ವರ್ಷ ಬೆಂಚು ಕಾದ ಹುಡುಗಿ, ಅವಳಿಗೇ ನಂಬಿಕೆ ಬರಲಿಲ್ಲ, ನಾನಾ ಅಕ್ಕಾ ಎಂದು ಕೇಳಿದಳು, ನೀನ, ಬಾ ಎಂದಳು ಕರೆಮ್ಮ. ಸರಿಯಾಗಿಯೇ ಇದೆ, ನಾನು ಕ್ಯಾಪ್ಟನ್ ಆಗಿದ್ದರೂ ಓಡಬಲ್ಲವಳನ್ನೇ ಕರೆಯುತ್ತಿದ್ದೆ, ಸರಿಯಾಗಿದೆ ಸರಿಯಾಗಿದೆ ಎಂದು ಹೇಳಿಕೊಳ್ಳುತ್ತ ಮತ್ತೆ ಕೂತೆ, ಎದ್ದಿದ್ದನ್ನು ಯಾರೂ ನೋಡಿರಲಿಕ್ಕಿಲ್ಲ, ಐಶ್ವರ್ಯ ನೋಡಿ ತಲೆ ತಗ್ಗಿಸಿದಳು. ನಯೀಮ್ ಬಿಡುವವನಲ್ಲ, ಅಕ್ಕಾ, ಹೋದ ವರ್ಷ ಗೆಲ್ಸಿದ ಥ್ರೋ ಒಂದ್ಸಲ ಹಾಕಿ ತೋರಿಸ್ರೀ ಎಂದ, ಕರೆಮ್ಮ ಗೆರೆಯ ಹತ್ತಿರ ಹೋದಳು, ನಾನು ನಾಲಿಗೆ ಕಚ್ಚಿ ಹಿಡಿದೆ, ಒಳಗಿನಿಂದ ಏನೂ ಹೊರಡದಿರಲಿ, ಬೇಡುವುದಿಲ್ಲ, ಬೇಡುವುದಿಲ್ಲ, ಮೊಣಕಾಲು ಬಗ್ಗಿತು, ಕೈ ಎದ್ದಿತು, ಚೆಂಡು ಬಿತ್ತು, ರಿಂಗು ಮುಟ್ಟದೆ. ನನಗೆ ಗೊತ್ತಿದ್ದ ಕೈ ಅಲ್ಲ ಅದು, ಮಣಿಕಟ್ಟು ಬೇರೆ, ಯಾವಾಗ ಕಲಿತಳು, ನಾನು ಹಾಸಿಗೆ ಹಿಡಿದಿದ್ದಾಗ ಬೆಳಿಗ್ಗೆ ಯಾರು ಹೆಕ್ಕಿ ಕೊಟ್ಟರು, ಯಾರೂ ಇಲ್ಲದೆ ತಾನೇ ಹಾಕಿ ತಾನೇ ಹೆಕ್ಕಿದಳೇ. ಬಿಸಿಲು ಅಡ್ಡ ಬಂತು, ಇನ್ನೊಂದ್ಸಲ ಎಂದ ನಯೀಮ್, ಮತ್ತೆ ಬಿತ್ತು. ಇನ್ನೊಂದು ಎಂದ. ಅವಳು ಚೆಂಡು ಹಿಡಿದು ನಿಂತಳು, ತಿರುಗಿದಳು, ಯುಗಾದಿಯಿಂದ ಈಚೆಗೆ ಮೊದಲ ಬಾರಿ ನನ್ನ ಮುಖ ನೋಡಿದಳು, ಗೆದ್ದವಳ ಮುಖವಲ್ಲ, ದವಾಖಾನೆಯಲ್ಲಿ ಕಾಲಿನ ಮೇಲಿಂದ ಕೈ ತೆಗೆದವಳ ಮುಖ, ಈಗೂ ಬೇಡ್ಕೊಳ್ಳಾಕತ್ತೀಯೇನು ಮಲ್ಲಿ ಎಂದು ಕೇಳಿದಳು, ಎಲ್ಲರ ಎದುರಿಗೆ, ಮೆಲ್ಲಗೆ. ಇಲ್ಲ ಎಂದು ತಲೆ ಆಡಿಸಿದೆ. ಅವಳು ನಂಬಿದಳು, ನಂಬಿ ರಿಂಗಿನ ಕಡೆ ತಿರುಗಿದಳು, ಅಷ್ಟರಲ್ಲಿ ಬೇಡಿಕೆ ಹೊರಟುಬಿಟ್ಟಿತ್ತು, ತಪ್ಪಲಿ, ತಂದೇ, ಇದೊಂದು ತಪ್ಪಿಸು, ನನ್ನ ಬೆರಳಿಗೆ ಒಂದು ಬೆಲೆ ಇರಲಿ — ನಾನೇ, ನಾನೇ ಹೀಗೆ ಬೇಡಿದೆ, ಚೆಂಡು ಅವಳ ಕೈ ಬಿಟ್ಟು ಮೇಲೇರಿತು, ಬಾಗಿತು, ರಿಂಗಿಗೆ ಎಲ್ಲಿಯೂ ತಾಗದೆ ಬಲೆಯೊಳಗೆ ಇಳಿಯಿತು, ಬಲೆ ಒಮ್ಮೆ ಮೇಲಕ್ಕೆ ಮಡಚಿಕೊಂಡು ಕೆಳಗೆ ಬಿಟ್ಟಿತು, ಬಿಳಿ ಬಲೆ, ಚೆಂಡು ಹೋಗಿಯಾಗಿದೆ, ಇನ್ನೂ ಅಲ್ಲಾಡುತ್ತಿದೆ, ಬಲೆ, ಅಲ್ಲಾಡುತ್ತಿದೆ, ಬಲೆ