ಪೂರ್ತಿ ತೂಗದ ಕಲ್ಲು

ಉರಿಗಾಂನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಲೇ ಭಾರ್ಗವಿಯ ತಲೆ ನೆರೆತಿತ್ತು. ಅಲ್ಲಿ ನ್ಯೂಟ್ರಿನೊ ಎಂಬ ಅತಿಸಣ್ಣ ಕಣ ಎಂದರೆ ಅವಳದೇ ಪಾಠ. ಊರಿನ ಚಿನ್ನದ ಗಣಿಯ ಆಳದಲ್ಲಿ ಹಿಂದೆ ವಿಜ್ಞಾನಿಗಳು ಆ ಕಣದ ಸುಳಿವು ಹಿಡಿದದ್ದನ್ನು ಪ್ರತಿ ವರ್ಷ ಹೇಳುತ್ತಿದ್ದಳು. ಮಕ್ಕಳು ಪ್ರತಿ ವರ್ಷ ಆಕಳಿಸುತ್ತಿದ್ದರು.

ಈ ಸಲದ ವಿಜ್ಞಾನ ದಿನಕ್ಕೆ ಆ ಪಾಠವನ್ನು ಹೆಡ್ಮಾಸ್ಟರು ಪ್ರೇರಣಾಳಿಗೆ ಕೊಟ್ಟರು. ಬಂಗಾರಪೇಟೆಯಿಂದ ರೈಲಿನಲ್ಲಿ ಬರುವ ಹೊಸ ಟೀಚರ್ ಅವಳು. ನ್ಯೂಟ್ರಿನೊ ದಾರಿಯಲ್ಲಿ ಬಗೆ ಬದಲಿಸುವುದನ್ನು ತೋರಿಸಲು ಅವಳು ಬೆಳಿಗ್ಗೆ ತರಗತಿಯಲ್ಲಿ ಎರಡು ಕುರ್ಚಿಗಳ ನಡುವೆ ಹಗ್ಗ ಕಟ್ಟಿ, ಸಮನಾದ ದಾರಗಳಲ್ಲಿ ಎರಡು ಕಲ್ಲು ಇಳಿಬಿಟ್ಟಳು. ಒಂದನ್ನು ತೂಗಿದರೆ ಅದು ನಿಧಾನವಾಗಿ ನಿಂತು, ಇನ್ನೊಂದು ತಾನಾಗಿ ತೂಗತೊಡಗುತ್ತಿತ್ತು.

“ಇದ್ರ ಆಟ ಅದುಕ್ಕೋಯ್ತು ಮಿಸ್!” ಎಂದು ಮಕ್ಕಳು ಕುಣಿದರು.

ಬಾಗಿಲಲ್ಲಿ ನಿಂತಿದ್ದ ಭಾರ್ಗವಿಗೆ ಹೊಟ್ಟೆ ಉರಿಯಿತು. ಇಷ್ಟು ಸುಲಭದ್ದು ತನಗೇಕೆ ಹೊಳೆಯಲಿಲ್ಲ? ಎಲ್ಲರೂ ಊಟಕ್ಕೆ ಹೋದಾಗ ಒಂದು ದಾರಕ್ಕೆ ಗಂಟು ಹಾಕಿ ಗಿಡ್ಡ ಮಾಡಿದಳು.

ಊಟದ ನಂತರ ಇಡೀ ಶಾಲೆಯ ಮುಂದೆ ಪ್ರೇರಣಾ ಕಲ್ಲು ತೂಗಿದಳು. ಮೊದಲನೆಯದು ನಿಲ್ಲಲೇ ಇಲ್ಲ. ಎರಡನೆಯದು ಕೊಂಚ ಆಡಿ ಸುಮ್ಮನಾಯಿತು. ಯಾರೋ ಕಿಸಕ್ಕೆಂದರು. ಪ್ರೇರಣಾಳ ಮುಖ ಬಾಡಿತು. ಭಾರ್ಗವಿಗೆ ಒಳಗೊಳಗೇ ತಂಪಾಯಿತು.

“ಮೇಡಂ, ಯಾಕೆ ಪೂರ್ತಿ ಬದಲಾಗ್ಲಿಲ್ಲ? ನನಗೆ ಗೊತ್ತಾಗ್ತಿಲ್ಲ. ನೀವು ಹೇಳ್ತೀರಾ?” ಪ್ರೇರಣಾ ಭಾರ್ಗವಿಯನ್ನೇ ಕೇಳಿದಳು.

ಭಾರ್ಗವಿ ಏಳಲೇಬೇಕಾಯಿತು. “ಎರಡೂ ಸರಿಸಮ ಇಲ್ಲದಿದ್ರೆ ಅದಲುಬದಲು ಅರೆಬರೆ ಆಗುತ್ತೆ. ನ್ಯೂಟ್ರಿನೊದಲ್ಲಿ ಮೂರು ಬಗೆ. ಒಂದೊಂದು ಬಗೆಯೂ ಬೇರೆ ಬೇರೆ ತೂಕದ ಮೂರು ಅಲೆಗಳ ಬೆರಕೆ. ಓಡ್ತಾ ಓಡ್ತಾ ಅಲೆಗಳ ಹೆಜ್ಜೆ ತಪ್ಪುತ್ತೆ, ಬೆರಕೆ ಬದಲಾಗುತ್ತೆ. ಒಂದು ಬಗೆಯಾಗಿ ಹೊರಟದ್ದು ಇನ್ನೊಂದಾಗಿ ಸಿಗಬಹುದು.”

“ಅಂಗಾರೆ ಸೂರ್ಯನಿಂದ ಒಂಟಿದ್ದು ಇಲ್ಲಿಗೆ ಬರೋವೊತ್ಗೆ ಬ್ಯಾರೆ ಆಗಿರ್ತದಾ ಮಿಸ್?” ಎಂದಳು ಮುಂದಿನ ಸಾಲಿನ ಕವಿತ.

“ಎಷ್ಟೋ ಆಗಿರುತ್ತೆ. ಮೊದಲು ಒಂದೇ ಬಗೆ ಹುಡುಕಿದ್ರು. ಅದಕ್ಕೇ ಕಡಿಮೆ ಸಿಕ್ಕವು.”

ಯಾರೂ ಆಕಳಿಸಲಿಲ್ಲ. ಜೋರು ಚಪ್ಪಾಳೆ ಬಿತ್ತು.

ದಾರ ಬಿಚ್ಚುವಾಗ ಪ್ರೇರಣಾಳ ಬೆರಳಿಗೆ ಗಂಟು ಸಿಕ್ಕಿತು. “ನೀವಾ ಮೇಡಂ?”

“ಹೂಂ. ಮಕ್ಕಳು ನಿನ್ನ ನೋಡಿದ ಹಾಗೆ ನನ್ನ ಯಾವತ್ತೂ ನೋಡಿರಲಿಲ್ಲ.”

“ಕರೆದಿದ್ರೆ ಇಬ್ಬರೂ ಸೇರಿಯೇ ಮಾಡ್ಬಹುದಿತ್ತು,” ಎಂದು ಪ್ರೇರಣಾ ಕಣ್ಣೊರೆಸಿಕೊಂಡು ಚೀಲ ಎತ್ತಿಕೊಂಡಳು.

ಭಾರ್ಗವಿಗೆ ನಾಚಿಕೆಯಾಯಿತು. ತಪ್ಪಾಯಿತು ಎನ್ನಲು ಕಿಟಕಿಯ ಬಳಿ ಹೋದಳು. ಪ್ರೇರಣಾ ಆಗಲೇ ಗೇಟು ದಾಟುತ್ತಿದ್ದಳು. ಕವಿತಳ ಜೊತೆ ಅರ್ಧ ತರಗತಿ ಅವಳನ್ನು ಸ್ಟೇಷನ್‌ವರೆಗೆ ಬಿಡಲು ಹಿಂದೆಯೇ ಓಡುತ್ತಿತ್ತು. ಭಾರ್ಗವಿಗೆ ಮತ್ತೆ ಹೊಟ್ಟೆ ಉರಿಯಿತು. ಕಿಟಕಿ ಎಳೆದು ಮುಚ್ಚಿದಳು.