ಹದಿನಾಲ್ಕು ಮಂದಿಯ ನೇಪಾಳ ಯಾತ್ರೆ

ನಮ್ಮ ಮೊರಬದ ಶಂಭುಲಿಂಗಪ್ಪನವರಿಗೆ ನವಲಗುಂದದ ಬಸ್ಸು ಹತ್ತಿದರೇ ವಾಂತಿ ಬರುತ್ತಿತ್ತು. ಅಂಥವರು ೧೯೮೩ರ ಬೇಸಿಗೆಯಲ್ಲಿ ತಾವೂ ಸೇರಿ ಹದಿನಾಲ್ಕು ಮಂದಿಯ ಗುಂಪು ಕಟ್ಟಿಕೊಂಡು ಕಾಶಿಗೆ, ಅಲ್ಲಿಂದ ನೇಪಾಳದ ಪಶುಪತಿನಾಥನಿಗೆ ಹೋಗಿಬರುವುದೆಂದು ಎದ್ದು ನಿಂತರು. ಅದೂ ಯಾವಾಗ? ಕಾಲರಾ ದೇಶದಿಂದ ದೇಶಕ್ಕೆ ಹಬ್ಬುತ್ತಿದೆ ಎಂದು ರೇಡಿಯೋ ದಿನಾ ಬಡಕೊಳ್ಳುತ್ತಿದ್ದಾಗ, ನಮ್ಮ ಸುತ್ತಿನ ಎರಡು ಊರಲ್ಲೇ ವಾಂತಿಭೇದಿ ಕಾಣಿಸಿಕೊಂಡಿದ್ದಾಗ. ನಾನು ಆಗ ಊರಿನ ಸರ್ಕಾರಿ ದವಾಖಾನೆಯ ನರ್ಸ್, ತಾಯವ್ವ. ಎದುರಿಗೆ ಮರ್ಯಾದೆಯಿಂದ ‘ಬಾಯಾರ’ ಎನ್ನುತ್ತಿದ್ದ ಜನ ನಾನು ಬೆನ್ನು ತಿರುಗಿಸಿದ ಮೇಲೆ ನಮ್ಮ ಕೇರಿಯ ಹೆಸರು ಹಿಡಿದು ಮಾತಾಡುತ್ತಿದ್ದರು. ಅದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿತ್ತು.

ಯಾತ್ರೆಯ ತಯಾರಿಗೆ ಶಂಭುಲಿಂಗಪ್ಪನವರ ಪಡಸಾಲೆಯಲ್ಲಿ ಏಳು ಸಭೆ ನಡೆದವು. ನೇಪಾಳದಲ್ಲಿ ಜೋಳದ ಹಿಟ್ಟು ಸಿಗುತ್ತದೋ ಇಲ್ಲವೋ ಎಂಬುದಕ್ಕೆ ಎರಡು ಸಭೆ. ಶೇಂಗಾ ಚಟ್ನಿ ಯಾರ ಗಂಟಿನಲ್ಲಿರಬೇಕು ಎಂಬುದಕ್ಕೆ ಒಂದು. ಗುಂಪಿನಲ್ಲಿದ್ದ ಹುಚ್ಚಪ್ಪನ ಹೆಂಡತಿ ಬಸಕ್ಕ ತನ್ನ ಒಳಕಲ್ಲಿನ ಗುಂಡೂ ಬರಬೇಕೆಂದು ಹಟ ಹಿಡಿದಿದ್ದಕ್ಕೆ ಮತ್ತೊಂದು. ಕಾಲರಾದ ಮಾತು ಒಂದರಲ್ಲೂ ಬರಲಿಲ್ಲ. ರೋಗ ಬರುವುದು ಬಡವರಿಗೆ, ಯಾತ್ರೆ ಹೊರಟವರಿಗಲ್ಲ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು.

ಶಂಭುಲಿಂಗಪ್ಪನವರ ತಾಯಿ ರೇವವ್ವನ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಲು ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಎಂಬತ್ತು ದಾಟಿದ ಮುದುಕಿ. ತವರು ಅಣ್ಣಿಗೇರಿ. ತಮ್ಮನ ಮಗಳನ್ನೇ ಸೊಸೆಯಾಗಿ ತಂದುಕೊಂಡಿದ್ದಳು, ಹಾಗಾಗಿ ಮಗನಿಗೆ ಮಾವನ ಮನೆಯೂ ಅದೇ. ಶಂಭುಲಿಂಗಪ್ಪನವರು ವರ್ಷಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಉಂಡು ಬರುತ್ತಿದ್ದರು. ತಾಯಿ ಮಾತ್ರ ಹನ್ನೊಂದು ವರ್ಷದಿಂದ ತವರಿನ ಹೊಸ್ತಿಲು ಕಂಡಿರಲಿಲ್ಲ. ಯಾವಾಗ ಕೇಳಿದರೂ ಅವರು ‘ಬರೂ ವಾರ’ ಎನ್ನುತ್ತಿದ್ದರು.

ಒಂದು ದಿನ ಸಭೆ ನಡೆದಿತ್ತು, ನಾನು ಪಟ್ಟಿ ಕಟ್ಟುತ್ತಿದ್ದಾಗಲೇ ಮುದುಕಿ ಮಗನನ್ನು ಕೇಳಿದಳು.

“ತಮ್ಮಾ, ನನ್ನೂ ಕರಕೊಂಡ ಹೋಗೋ. ಮೂಲ್ಯಾಗ ಕುಂತಿರತೀನಿ.”

“ಎವ್ವಾ, ನೇಪಾಳ ಅಂದ್ರ ಏನ ಅಣ್ಣಿಗೇರಿ ಅಂತ ತಿಳದಿಯೇನ? ಗಪ್ಪ ಕುಂದ್ರು. ಗಂಗಿ ನೀರ ತರತೀನಿ, ಬಾಯಾಗ ಒಂದ ಗುಟುಕ ಬಿಡತೀನಿ.”

ಸಭೆ ನಕ್ಕಿತು. ಮುದುಕಿಯೂ ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ.

ಅಷ್ಟರಲ್ಲಿ ಹುಬ್ಬಳ್ಳಿಯ ಯಾತ್ರಾ ಏಜೆಂಟ್ ಹೇಳಿ ಕಳಿಸಿದ, ಕಾಲರಾ ಸೂಜಿ ಹಾಕಿಸಿಕೊಂಡ ಹಳದಿ ಪುಸ್ತಕವಿಲ್ಲದೆ ಯಾರನ್ನೂ ಗಡಿ ದಾಟಿಸುವುದಿಲ್ಲವೆಂದು. ಶಂಭುಲಿಂಗಪ್ಪನವರು ಹದಿನಾಲ್ಕು ಪುಸ್ತಕ ಹಿಡಿದು ದವಾಖಾನೆಗೆ ಬಂದರು.

“ಬಾಯಾರ, ಇವಕ್ಕ ಒಂದೊಂದ ಶಿಕ್ಕಾ ಒತ್ತಿಬಿಡ್ರಿ.”

“ತೋಳ ತೋರಸ್ರಿ, ಒತ್ತತೀನಿ.”

“ಸೂಜಿ ನಮಗ್ಯಾಕ್ರಿ? ರೊಟ್ಟಿ ತಿಂದ ಮೈ, ಅಗದಿ ಗಟ್ಟಿ ಐತಿ.”

ಒಲೆಯ ಮೇಲೆ ಸೂಜಿಗಳು ಕುದಿಯುತ್ತಿದ್ದವು. ನಾನು ಚಿಮಟಿಗೆಯಿಂದ ಒಂದನ್ನು ಎತ್ತಿದೆ ಅಷ್ಟೇ. ಅಂಗೈ ಅಗಲದ ಮೀಸೆ ಹೊತ್ತ ಮನುಷ್ಯ ಮೆಟ್ಟಿಲಿನ ಮೇಲೆ ಒಂದು ಚಪ್ಪಲಿ ಬಿಟ್ಟೇ ನಡೆದುಬಿಟ್ಟರು. ಮುಂದಾಳು ಹಾಕಿಸಿಕೊಳ್ಳದ ಸೂಜಿಯನ್ನು ಉಳಿದವರು ಯಾಕೆ ಹಾಕಿಸಿಕೊಂಡಾರು? ನಾನು ಶಿಕ್ಕಾ ಒತ್ತಲಿಲ್ಲ. ಏಜೆಂಟ್ ಇವರ ಹೆಸರು ಹೊಡೆದುಹಾಕಿದ.

ಮಾನವಂತರಾಗಿದ್ದರೆ ಅಲ್ಲಿಗೆ ಸುಮ್ಮನಾಗಬೇಕಿತ್ತು. ಆದರೆ ನಮ್ಮ ಕಡೆ ದೂರದ ಯಾತ್ರೆಗೆ ಹೊರಟವರನ್ನು ಬೀಗರು, ನೆಂಟರು ಮನೆಗೆ ಕರೆದು ಹೋಳಿಗೆ ಉಣಿಸುತ್ತಾರೆ, ಧೋತರ, ಸೀರೆ, ಕುಪ್ಪಸದ ಖಣ ಕೊಟ್ಟು ಆಯೇರಿ ಮಾಡುತ್ತಾರೆ. ಇವರು ಇಪ್ಪತ್ತೊಂದು ಮನೆಯಲ್ಲಿ ಉಂಡು, ಆಯೇರಿ ಗಂಟು ಕಟ್ಟಿ ಟ್ರಂಕಿನಲ್ಲಿಟ್ಟಾಗಿತ್ತು. ಆಯೇರಿ ಉಟ್ಟು ಮನೆಯಲ್ಲಿ ಕೂತವನನ್ನು ಊರು ಆರು ತಿಂಗಳು ಆಡಿಕೊಳ್ಳುತ್ತದೆ. ಬಟ್ಟೆ ತಿರುಗಿ ಕೊಡಬಹುದಿತ್ತು, ಹೋಳಿಗೆ ತಿರುಗಿ ಕೊಡಲು ಬರುವುದಿಲ್ಲವಲ್ಲ. ಏಜೆಂಟನ ಸುದ್ದಿಯನ್ನು ಹದಿನಾಲ್ಕೂ ಮಂದಿ ನುಂಗಿಕೊಂಡರು. ಭಜನೆ ಮಾಡುತ್ತಾ ಊರೆಲ್ಲ ಬಸ್ ನಿಲ್ದಾಣದವರೆಗೆ ಬಂದು ಕಳಿಸಿಕೊಟ್ಟಿತು. ಅಣ್ಣಿಗೇರಿಯಲ್ಲಿ ರೈಲು ಹತ್ತುತ್ತಾರೆ ಎಂದು ಎಲ್ಲರೂ ನಂಬಿದರು. ಹೋಗಲಿ, ಹೇಗೋ ಪುಸ್ತಕ ಹೊಂದಿಸಿಕೊಂಡಿರಬೇಕು ಎಂದು ನಾನೂ ನಂಬಿದೆ.

ಎಂಟು ದಿನದ ಮೇಲೆ ಅಣ್ಣಿಗೇರಿಯಲ್ಲಿ ಕಾಲರಾ ಎದ್ದು, ಮನೆಮನೆಗೆ ಸೂಜಿ ಹಾಕಲು ನನ್ನನ್ನು ಅಲ್ಲಿಗೆ ಕಳಿಸಿದರು. ಒಂದು ಕಾಳಿನ ಅಡತಿ ಅಂಗಡಿಯ ಹಿಂದಿನ ಗೋದಾಮಿನಿಂದ ಮಿರ್ಚಿ ಕರಿಯುವ ವಾಸನೆ, ನಗು, ಗುಲ್ಲು. ಬಾಗಿಲು ನೂಕಿದೆ. ಹದಿನಾಲ್ಕೂ ಮಂದಿ ಅಲ್ಲೇ ಇದ್ದರು. ಹುಚ್ಚಪ್ಪ ಜೋಳದ ಚೀಲದ ಮೇಲೆ ಇಸ್ಪೀಟು ಹರಡಿದ್ದ. ಬಸಕ್ಕ ಅದೇ ಗುಂಡಿನಿಂದ ಖಾರ ಅರೆಯುತ್ತಿದ್ದಳು. ಶಂಭುಲಿಂಗಪ್ಪನವರು ನನ್ನನ್ನು ಕಂಡು ಆಯೇರಿಯ ಧೋತರವನ್ನು ತಲೆ ಮೇಲೆ ಎಳೆದುಕೊಂಡರು. ಅದು ಅವರ ಮಾವನ, ಎಂದರೆ ರೇವವ್ವನ ತಮ್ಮನ ಮನೆಗೆ ಹತ್ತಿಕೊಂಡಿದ್ದ ಗೋದಾಮು.

“ಪಶುಪತಿನಾಥ ಆರಾಮ ಅದಾನೇನ್ರಿ?” ಎಂದೆ.

“ಬಾಯಾರ, ಕೈ ಮುಗೀತೀನಿ. ಊರಾಗ ಮಾನ ಉಳಸ್ರಿ.”

“ಉಳಸ್ತೀನಿ. ತೋಳ ತೋರಸ್ರಿ.”

ಹದಿನಾಲ್ಕು ತೋಳಿಗೂ ಚುಚ್ಚಿದೆ. ಹೆಂಗಸರು ಒಬ್ಬರೂ ಹುಯಿಲೆಬ್ಬಿಸಲಿಲ್ಲ. ಶಂಭುಲಿಂಗಪ್ಪನವರು ಒದರಿದ್ದಕ್ಕೆ ಮಾತ್ರ ಜಂತಿಯಲ್ಲಿದ್ದ ಗುಬ್ಬಿಗಳು ಹಾರಿಹೋದವು. ಸುಳ್ಳು ಹೇಳುವುದಿಲ್ಲ, ನನಗೆ ಬಹಳ ಹಿತವಾಯಿತು.

ಹೊರಬರುವಾಗ ನೋಡಿದೆ, ಹಿತ್ತಲಿನ ಬಾವಿಯ ಕಟ್ಟೆಯ ಮೇಲೆ ಹದಿನಾಲ್ಕು ತಾಮ್ರದ ಗಿಂಡಿಗಳು ಸಾಲಾಗಿ ಕೂತಿದ್ದವು. ಬಾಯಿಗೆ ಬೆಸುಗೆ ಹಾಕುವವನು ಇದ್ದಲು ಊದುತ್ತಿದ್ದ.

“ಇವೇನು?”

“ಗಂಗಿ,” ಎಂದರು ಶಂಭುಲಿಂಗಪ್ಪನವರು ನೆಲ ನೋಡುತ್ತಾ.

“ಬಾಜೂ ಓಣ್ಯಾಗ ಇಬ್ಬರಿಗೆ ಸಲಾಯಿನ್ ಹಚ್ಚಿ ಬಂದೇನಿ. ಈ ನೀರ ಕುದಸದ ತುಂಬಬ್ಯಾಡ್ರಿ.”

“ಹೂಂರಿ. ಕುದಸ್ತೀವಿ.”

ಆ ‘ಹೂಂ’ ನಂಬಿದ್ದು ನನ್ನ ಮೂರ್ಖತನ. ಹದಿನಾಲ್ಕು ತೋಳು ಸಿಕ್ಕವಲ್ಲ ಎಂದು ಬೀಗಿಕೊಂಡು ಮುಂದಿನ ಮನೆಗೆ ಹೋದೆ.

ಇಪ್ಪತ್ತೆರಡು ದಿನಕ್ಕೆ ಯಾತ್ರಿಕರು ಊರಿಗೆ ಬಂದರು. ಹುಬ್ಬಳ್ಳಿಯಿಂದ ತರಿಸಿದ ರುದ್ರಾಕ್ಷಿ ಹಂಚಿದರು. ಹಿಮ ಹೇಗಿರುತ್ತದೆ ಎಂದು ಯಾರೋ ಕೇಳಿದರೆ ಹುಚ್ಚಪ್ಪ “ಹತ್ತಿ ಒಟ್ಟಿಧಂಗ ಇರತೈತಿ” ಎಂದ. ಅವನು ಕಂಡಿದ್ದೂ ಅಷ್ಟೇ. ಶಂಭುಲಿಂಗಪ್ಪನವರು ಅಂಗಿ ಏರಿಸಿ ತೋಳಿನ ಗಂಟು ತೋರಿಸಿ, ನೇಪಾಳದ ಗಡಿಯಲ್ಲಿ ಮಿಲಿಟರಿಯವರು ಚುಚ್ಚಿದ್ದು, ತಾವು ಕಣ್ಣು ಸಹ ಮಿಟುಕಿಸಲಿಲ್ಲ ಎಂದರು.

ಗಂಗಾಪೂಜೆಯ ಊಟಕ್ಕೆ ನನಗೂ ಕರೆ ಬಂತು. ಬಾಯಿ ಮುಚ್ಚಿಕೊಂಡು ಇರಲಿ ಎಂದು ಕೊಟ್ಟ ಕರೆ. ಹುಣ್ಣಿಗೆ ಪಟ್ಟಿ ಕಟ್ಟುವಾಗ ಒಳಗೆ ಬಿಡುತ್ತಿದ್ದವರು ಅವತ್ತು ಹೊರಗಿನ ಕಟ್ಟೆಯಲ್ಲಿ ಕೂರಿಸಿದರು. ಒಳಗೆ ಪಡಸಾಲೆಯ ಜಮಖಾನದ ಮೇಲೆ ರೇವವ್ವ ಇಳಕಲ್ಲ ಸೀರೆ ಉಟ್ಟು ಕೂತಿದ್ದಳು. ಬೆಳಗಿನಿಂದ ಹನಿ ನೀರೂ ಕುಡಿದಿರಲಿಲ್ಲವಂತೆ, ಮೊದಲ ಗುಟುಕು ಗಂಗೆಯದೇ ಆಗಲಿ ಎಂದು. ಗಿಂಡಿಯ ಬೆಸುಗೆ ಕತ್ತರಿಸಿ ಬೆಳ್ಳಿ ಬಟ್ಟಲಿಗೆ ನೀರು ಸುರಿದರು.

ನಾನು ಎದ್ದು ಹೊಸ್ತಿಲಿಗೆ ಬಂದೆ.

“ಯಜಮಾನ್ರ, ಕುದಿಸಿದ್ರಿಲ್ಲ?”

“ಗಂಗಿನ್ನ ಯಾರರ ಕುದಸ್ತಾರೇನ್ರಿ?” ಎಂದು ದೊಡ್ಡ ದನಿ ತೆಗೆದರು. ಎಲ್ಲರೂ ನಕ್ಕರು.

“ಹಂಗಾರ ಮೊದಲ ನೀವ ಕುಡೀರಿ. ಮುಂದಾಳು ನೀವು.”

ಅವರು ಬಟ್ಟಲನ್ನು ನೋಡಿದರು. ನನ್ನನ್ನು ನೋಡಿದರು. ಸಲಾಯಿನ್ ಹಚ್ಚಿದ ಆ ಇಬ್ಬರು ಅವರಿಗೆ ನೆನಪಾದದ್ದು ಮುಖದಲ್ಲೇ ಕಂಡಿತು. ಆಮೇಲೆ ಆ ಮನುಷ್ಯ ಬಟ್ಟಲನ್ನು ತಾಯಿಯ ಕೈಗೆ ಕೊಟ್ಟ.

“ಹಿರ್ಯಾರು ಮೊದಲ ಕುಡೀಬೇಕು,” ಎಂದ.

ಸೂಜಿಗೆ ಹೆದರಿದ್ದನ್ನು ಮರೆತೇನು, ಗೋದಾಮಿನಲ್ಲಿ ಅಡಗಿದ್ದನ್ನು ಮರೆತೇನು, ಇದನ್ನು ನಾನು ಇವತ್ತಿಗೂ ಮರೆತಿಲ್ಲ. ಅವನಿಗೆ ಬಹುವಚನ ಹಚ್ಚುವುದನ್ನು ಅವತ್ತೇ ಬಿಟ್ಟೆ.

ಹೊಸ್ತಿಲು ದಾಟಿ ನುಗ್ಗಿದೆ. ಮುದುಕಿಯ ತುಟಿಗೆ ತಾಗಿದ್ದ ಬಟ್ಟಲು ಕಸಿದುಕೊಂಡೆ. ನೀರು ಜಮಖಾನದ ಮೇಲೆ ಚೆಲ್ಲಿತು.

“ಗಂಗಿ ಚೆಲ್ಲಿದ್ಲು!”

“ಒಳಗ ಬಂದ್ಲಲ್ಲೋ ಇಕಿ!”

ಯಾವುದು ದೊಡ್ಡ ಪಾಪ ಎಂದು ಅವರಲ್ಲೇ ಒಮ್ಮತವಿರಲಿಲ್ಲ. ನಾನು ಸೆರಗಿನಿಂದ ಮುದುಕಿಯ ಬಾಯಿ ಒರೆಸಲು ಹೋದೆ. ಅಷ್ಟರಲ್ಲಿ ಅವಳು ಒದ್ದೆ ತುಟಿಯ ಮೇಲೆ ನಾಲಿಗೆ ಆಡಿಸಿಬಿಟ್ಟಿದ್ದಳು. ನನ್ನ ಮುಂಗೈ ಹಿಡಿದುಕೊಂಡು ಮತ್ತೊಮ್ಮೆ ತುಟಿ ಚಪ್ಪರಿಸಿದಳು.

“ಆಕಿಗ್ಯಾಕ ಬೈತೀರಿ? ಇದು ಗಂಗಿ ಅಲ್ಲ,” ಎಂದಳು. “ನಮ್ಮಪ್ಪನ ಹಿತ್ತಲದ ಬಾವಿ ನೀರು. ಲಗ್ನ ಆಗೂಮಟ ನಾನ ಸೇದೇನಿ, ಕುಡದೇನಿ. ಈ ಸವಳ ನನಗ ಗೊತ್ತಾಗುದಿಲ್ಲೇನ?”

ಬಸಕ್ಕ ಬಿಕ್ಕಿ ಅಳತೊಡಗಿದಳು. ಮುದುಕಿ ಈಗ ಬೈಯುತ್ತಾಳೆ, ಶಾಪ ಹಾಕುತ್ತಾಳೆ ಎಂದು ನಾನು ಕಾದೆ. ಬೈಯಲಿ ಎಂದೇ ಆಸೆಪಟ್ಟೆ. ಅವಳು ಮಗನ ಮುಖ ಹುಡುಕಿ ನೋಡಿದಳು.

“ಅಣ್ಣಿಗೇರಿಗಿ ಹ್ವಾದಾಂವ, ನನ್ನೂ ಕರಕೊಂಡ ಹೋಗಬಾರದಿತ್ತೇನೋ ತಮ್ಮಾ?”